‘ಡಬಲ್ ಹೀಲಿಕ್ಸ್’ ಗ್ರಂಥದಲ್ಲಿ ವರದಿಯ ಪ್ರಸಂಗ

ಇನ್ನೂ ಪ್ರಕಟವಾಗದ ಸಂಶೋಧನೆಯ ಫಲವನ್ನು ಪರಿಶೀಲನೆಗೋಸ್ಕರ ಸಮಸ್ಕಂಧರ ಕೈಗೆ ಒಪ್ಪಿಸುವುದು ವಿದ್ವತ್ಪ್ರಪಂಚದಲ್ಲಿ ನಿತ್ಯವೂ ನಡೆಯುವ ವ್ಯವಹಾರ. ಒಪ್ಪಿಸದೆ ಇದ್ದರೆ ಪರಿಶೀಲನೆ ಹೆಸರಿಗೆ ಮಾತ್ರವಾಗುತ್ತದೆ. ಒಪ್ಪಿಸಿದರೆ, ಒಪ್ಪಿಸಿದವನ ವರ್ಷಗಳ ದುಡಿಮೆ ಅದೇ ವಿಷಯದಲ್ಲಿ ಆಸಕ್ತರಾದ ಇತರರ ಕಣ್ಣಿಗೆ ಬೀಳುತ್ತದೆ. ಈ ವ್ಯವಹಾರದ ಇಕ್ಕಟ್ಟನ್ನು ವಿವರಿಸುವ ನಿಯಮಾವಳಿಗಳು ಬೇಕಾದಷ್ಟಿವೆ. ಅದು ಕಥನದ ವಸ್ತುವಾಗಿ ಬಂದಿರುವುದು ವಿರಳ. ಜೇಮ್ಸ್ ವಾಟ್ಸನ್ನರ ‘ದಿ ಡಬಲ್ ಹೀಲಿಕ್ಸ್’ ಗ್ರಂಥದಲ್ಲಿ ಅದು ಹಾಗೆ ಬಂದಿದೆ. ಆದರೆ ಬಂದದ್ದು ವಾಚಕರಿಗೆ ತಿಳಿಯದಂತೆ ಬಂದಿದೆ. ಗ್ರಂಥದ ವಿಷಯ ವಿಜ್ಞಾನವಾದರೂ ಈ ಸಂಗತಿ ಸಾಹಿತ್ಯವಿಮರ್ಶೆಯ ಎಲ್ಲೆಯೊಳಗೆ ಸೇರತಕ್ಕದ್ದು. ಏಕೆಂದರೆ ಇಲ್ಲಿ ಮರೆಸಿದ್ದು ನಿರೂಪಣೆಯ ರೀತಿಯೇ ಹೊರತು ಸುಳ್ಳಲ್ಲ.

ಗ್ರಂಥವು 1968ರಲ್ಲಿ ಪ್ರಕಟವಾಯಿತು. ಮೊದಲು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು ಇದನ್ನು ಅಚ್ಚುಹಾಕಬೇಕೆಂದಿದ್ದಿತು. ಹಸ್ತಪ್ರತಿಯನ್ನು ಓದಿದ ಫ್ರಾನ್ಸಿಸ್ ಕ್ರಿಕ್ಕರೂ ಮಾರಿಸ್ ವಿಲ್ಕಿನ್ಸರೂ ತೀವ್ರವಾಗಿ ಆಕ್ಷೇಪಿಸಿದ್ದರಿಂದ ವಿಶ್ವವಿದ್ಯಾನಿಲಯವು ಹಿಂಜರಿಯಿತು, ಗ್ರಂಥವು ಬೇರೆ ಪ್ರಕಾಶಕರ ಪಾಲಾಯಿತು. ಡಿ.ಎನ್.ಎ. ಎಂಬ ಆನುವಂಶಿಕ ದ್ರವ್ಯದ ಅಣುರಚನೆ ಇಮ್ಮಡಿ ಸುರುಳಿಯೆಂಬುದನ್ನು 1953ರಲ್ಲಿ ಕೇಂಬ್ರಿಜ್ಜಿನ ಇಬ್ಬರು ತರುಣರು ಕಂಡುಹಿಡಿದ ಕಥೆ ಇದರ ವಸ್ತು. ಶೈಲಿ ಲಘು, ಅಧ್ಯಾಯಗಳು ಚಿಕ್ಕವು, ಟೆನ್ನಿಸು, ಔತಣ, ಚಳಿಮನೆಗಳ ನಡುವೆ ವಿಜ್ಞಾನವು ಎಡೆಮಾಡಿಕೊಂಡು ಬರುತ್ತದೆ. ತಾನು ಆ ಕಾಲದಲ್ಲಿ ಕಂಡದ್ದನ್ನು ಆ ಕಾಲದ ಕಣ್ಣಿನಿಂದಲೇ ಬರೆಯುತ್ತೇನೆಂದು ಗ್ರಂಥಕರ್ತರು ಮುನ್ನುಡಿಯಲ್ಲಿಯೇ ಕರಾರು ಮಾಡಿಕೊಂಡಿದ್ದಾರೆ. ಇದು ಜಾಣತನದ ಕರಾರು. ಮುಂದೆ ಯಾರಾದರೂ ಅನ್ಯಾಯವಾಯಿತೆಂದರೆ, ಆ ಅನ್ಯಾಯ ಇಪ್ಪತ್ತನಾಲ್ಕು ವಯಸ್ಸಿನ ತರುಣನದು, ನಲವತ್ತರ ಗ್ರಂಥಕರ್ತನದಲ್ಲವೆಂದು ಜಾರಿಕೊಳ್ಳಲು ಅದರಲ್ಲಿ ಎಡೆಯಿದೆ.

ಪ್ರಸಂಗವನ್ನು ತಿಳಿಯಲು ಹಿನ್ನೆಲೆ ಸ್ವಲ್ಪ ಬೇಕು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಜಾನ್ ರಾಂಡಲ್ಲರ ಪ್ರಯೋಗಶಾಲೆಯಲ್ಲಿ ರೋಸಲಿಂಡ್ ಫ್ರಾಂಕ್ಲಿನ್ನರೂ ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗರೂ, ಅವರಿಂದ ಬೇರೆಯಾಗಿ ವಿಲ್ಕಿನ್ಸರೂ, ಡಿ.ಎನ್.ಎ. ಎಳೆಗಳ ಕ್ಷ-ಕಿರಣ ಛಾಯಾಚಿತ್ರಗಳನ್ನು ತೆಗೆದು ಅಳತೆಮಾಡುತ್ತಿದ್ದರು. ಕೇಂಬ್ರಿಜ್ಜಿನಲ್ಲಿ ವಾಟ್ಸನ್ನರೂ ಕ್ರಿಕ್ಕರೂ ಇಂಥ ಚಿತ್ರಗಳನ್ನು ತೆಗೆಯುತ್ತಿರಲಿಲ್ಲ. ತಂತಿ ತಗಡುಗಳಿಂದ ಅಣುವಿನ ಪ್ರತಿಕೃತಿಗಳನ್ನು ಕಟ್ಟುತ್ತಿದ್ದರು. ಎರಡು ಸಂಸ್ಥೆಗಳಿಗೂ ಧನಸಹಾಯ ಮಾಡುತ್ತಿದ್ದುದು ಒಂದೇ ವೈದ್ಯಕೀಯ ಸಂಶೋಧನ ಮಂಡಲಿ. ಆ ಮಂಡಲಿಯ ಜೀವಭೌತ ಸಮಿತಿಯು 1952ರ ಡಿಸೆಂಬರ್ 15ರಂದು ಕಿಂಗ್ಸ್ ಕಾಲೇಜಿಗೆ ಭೇಟಿಕೊಟ್ಟಿತು. ಆ ಭೇಟಿಗಾಗಿ ರಾಂಡಲ್ಲರು ತಮ್ಮವರ ಕೆಲಸವನ್ನೆಲ್ಲ ಸಂಗ್ರಹಿಸಿ ಒಂದು ವರದಿಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಿದ್ದರು. ಫ್ರಾಂಕ್ಲಿನ್ನರು ಅಳೆದು ಕಂಡುಕೊಂಡಿದ್ದ, ಇನ್ನೂ ಎಲ್ಲಿಯೂ ಅಚ್ಚಾಗದಿದ್ದ ಸಂಖ್ಯೆಗಳು ಅದರಲ್ಲಿದ್ದವು. ಸದಸ್ಯರಲ್ಲೊಬ್ಬರು ಮ್ಯಾಕ್ಸ್ ಪೆರುಟ್ಜರು. ಕೇಂಬ್ರಿಜ್ಜಿನಲ್ಲಿ ಕ್ರಿಕ್ಕರು ಕೆಲಸಮಾಡುತ್ತಿದ್ದ ತಂಡದ ಮುಖ್ಯಸ್ಥರು ಅವರೇ. 1953ರ ಫೆಬ್ರವರಿಯಲ್ಲಿ ಆ ವರದಿ ಅವರ ಕೈಯಿಂದ ಕ್ರಿಕ್-ವಾಟ್ಸನ್ನರ ಕೈಗೆ ಬಂದಿತು. ಮಾರ್ಚ್ ಮೊದಲ ದಿನಗಳಲ್ಲಿ ಪ್ರತಿಕೃತಿ ಸಿದ್ಧವಾಯಿತು.

ಗ್ರಂಥದಲ್ಲಿ ಇದಕ್ಕಿಂತ ಹೆಚ್ಚು ಪ್ರಸಿದ್ಧವಾದ ಇನ್ನೊಂದು ಪ್ರಸಂಗವಿದೆ. 1953ರ ಜನವರಿ ಕೊನೆಯಲ್ಲಿ ವಾಟ್ಸನ್ನರು ಲಂಡನ್ನಿಗೆ ಹೋಗಿ, ಫ್ರಾಂಕ್ಲಿನ್ನರ ಕೋಣೆಯಲ್ಲಿ ಅವರೊಡನೆ ಜಟಾಪಟಿಯಾಗಿ, ಹೊರಗೆ ಬಂದು ವಿಲ್ಕಿನ್ಸರ ಸಂಗಡ ಮಾತನಾಡುತ್ತಿರುವಾಗ, ವಿಲ್ಕಿನ್ಸರು ಒಂದು ಛಾಯಾಚಿತ್ರವನ್ನು ತಂದು ತೋರಿಸುತ್ತಾರೆ. 1952ರ ಮೇ ತಿಂಗಳಲ್ಲಿ ಫ್ರಾಂಕ್ಲಿನ್ನರ ಮೇಲ್ವಿಚಾರಣೆಯಲ್ಲಿ ಗಾಸ್ಲಿಂಗರು ತೆಗೆದ ಐವತ್ತೊಂದನೆಯ ಚಿತ್ರ ಅದು. ಈ ಕ್ಷಣಕ್ಕಾಗಿ ಗ್ರಂಥಕರ್ತರು ತಮ್ಮ ಬೊಕ್ಕಸವನ್ನೆಲ್ಲ ಬರಿದುಮಾಡಿದ್ದಾರೆ. ಮೊದಲು ಕಲಹ, ಆಮೇಲೆ ಗುಟ್ಟು, ಚಿತ್ರ ಕಂಡೊಡನೆ ದೇಹದಲ್ಲೆಲ್ಲ ಉದ್ವೇಗ, ಹಿಂತಿರುಗುವ ರೈಲಿನಲ್ಲಿ ಪತ್ರಿಕೆಯ ಖಾಲಿ ಅಂಚಿನ ಮೇಲೆ ಗೆರೆಗಳು, ರಾತ್ರಿ ಬೈಸಿಕಲ್ಲೇರಿ ಬಂದು ಕಾಲೇಜಿನ ಹಿಂದಿನ ಗೇಟು ಹತ್ತಿ ಒಳಗಿಳಿಯುವಷ್ಟರಲ್ಲಿ ಎಳೆಗಳು ಎರಡೇ ಎಂಬ ನಿಶ್ಚಯ. ನಾಟಕಕಾರನಿಗೆ ಬೇಕಾದ ಸಾಮಗ್ರಿಯೆಲ್ಲ ಇಲ್ಲಿದೆ. ಮುಂದೆ ಅನ್ನಾ ಜೀಗ್ಲರ್ ಎಂಬ ಲೇಖಕಿ ಬರೆದ, 2015ರಲ್ಲಿ ಲಂಡನ್ನಿನ ರಂಗದ ಮೇಲೆ ಪ್ರಸಿದ್ಧಿ ಪಡೆದ, ನಾಟಕದ ಹೆಸರೂ ‘ಫೋಟೋಗ್ರಾಫ್ 51’ ಎಂದೇ. ಡಿ.ಎನ್.ಎ. ಕಥೆಯಲ್ಲಿ ಅನ್ಯಾಯ ನಡೆಯಿತೆಂದು ನಂಬುವವರು ಇಂದು ಬೆರಳು ತೋರುವುದು ಈ ಚಿತ್ರದ ಕಡೆಗೆ. ವಾಟ್ಸನ್ನರನ್ನು ದೂಷಿಸುವವರೂ ವಾಟ್ಸನ್ನರು ಕಟ್ಟಿದ ದೃಶ್ಯವನ್ನೇ ಪ್ರಮಾಣವಾಗಿ ಹಿಡಿದಿದ್ದಾರೆ. ಕಥನಕಲೆಗೆ ಇದಕ್ಕಿಂತ ದೊಡ್ಡ ಗೆಲುವು ಬೇರೆ ಬೇಕಿಲ್ಲ.

ವರದಿಗಾದರೋ ದೃಶ್ಯವಿಲ್ಲ. ಕೋಣೆಯಿಲ್ಲ, ಸಂವಾದವಿಲ್ಲ, ದಿನವಿಲ್ಲ. ನಾಲ್ಕಾರು ವಾಕ್ಯಗಳಲ್ಲಿ, ಲೆಕ್ಕಪತ್ರದ ಧಾಟಿಯಲ್ಲಿ, ವಿಷಯ ಮುಗಿಯುತ್ತದೆ: ಫ್ರಾಂಕ್ಲಿನ್ನರು ತಮ್ಮ ಅಂಕಿಗಳನ್ನು ನೇರವಾಗಿ ಕೊಡಲಿಲ್ಲ, ಅವು ಕೇಂಬ್ರಿಜ್ಜಿನವರ ಕೈಯಲ್ಲಿವೆಯೆಂದು ಕಿಂಗ್ಸ್ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಪೆರುಟ್ಜರು ಸಮಿತಿಯ ಸದಸ್ಯರಾಗಿದ್ದುದರಿಂದ ಅವು ದೊರೆತವು. ಒಡನೆಯೇ, ವರದಿಯನ್ನು ತಿರುವಿಹಾಕಿದ ಕ್ರಿಕ್ಕರಿಗೆ, ವಾಟ್ಸನ್ನರು ಲಂಡನ್ನಿನಿಂದ ಬಂದು ಹೇಳಿದ್ದೆಲ್ಲ ಸರಿಯಾಗಿಯೇ ಇದ್ದಿತೆಂದು ಸಮಾಧಾನವಾಯಿತೆಂಬ ಮಾತು. ಹೀಗೆ ವರದಿಯು ಗ್ರಂಥದೊಳಗೆ ಸಾಕ್ಷಿಯ ಪಾತ್ರದಲ್ಲಿ ಪ್ರವೇಶಿಸುತ್ತದೆ. ನಾಯಕನ ನೆನಪು ಸರಿಯೆಂದು ಮೊಹರು ಹಾಕಿ ಅದು ನಿಷ್ಕ್ರಮಿಸುತ್ತದೆ.

ವಸ್ತುತಃ ವರದಿ ಮಾಡಿದ ಕೆಲಸ ಸಾಕ್ಷ್ಯಕ್ಕಿಂತ ಹೆಚ್ಚಿನದು. ಫ್ರಾಂಕ್ಲಿನ್ನರು ಡಿ.ಎನ್.ಎ.ಯ ಒಣ ರೂಪದ ಸ್ಫಟಿಕವು ಯಾವ ಸಮಮಿತಿಯ ವರ್ಗಕ್ಕೆ ಸೇರಿದುದೆಂದು ಅದರಲ್ಲಿ ಸೂಚಿಸಿದ್ದರು. ಕ್ರಿಕ್ಕರು ತಮ್ಮ ಡಾಕ್ಟರೇಟ್ ಪದವಿಗಾಗಿ ಅಭ್ಯಾಸಮಾಡುತ್ತಿದ್ದ ಕುದುರೆಯ ಹಿಮೊಗ್ಲೋಬಿನ್ ಸ್ಫಟಿಕಗಳೂ ಅದೇ ವರ್ಗದವು. ಆದುದರಿಂದ ಇತರರು ಓದಿ ಮುಂದೆ ಸರಿಯಬಹುದಾಗಿದ್ದ ಒಂದು ಸಾಲಿನಲ್ಲಿ ಅವರಿಗೆ ರಚನೆಯ ಕೀಲಿ ಕಂಡಿತು: ಎಳೆಗಳೆರಡೂ ಎದುರುಬದುರಾಗಿ ಸಾಗುತ್ತವೆ, ಒಂದು ಮೇಲ್ಮುಖವಾದರೆ ಮತ್ತೊಂದು ಕೆಳಮುಖ. ಛಾಯಾಚಿತ್ರವು ಸುರುಳಿಯೆಂದು ಸಾರುತ್ತಿದ್ದಿತು ನಿಜ. ಸುರುಳಿಯೆಂಬ ಊಹೆಯಾದರೂ ಅದಕ್ಕೆ ಹಿಂದೆಯೇ ಎಲ್ಲರಲ್ಲಿಯೂ ಇದ್ದಿತು. ಎಳೆಗಳ ದಿಕ್ಕು ಮಾತ್ರ ಚಿತ್ರವನ್ನು ನೋಡಿದ ಕ್ಷಣಮಾತ್ರದಲ್ಲಿ ಹೊಳೆಯತಕ್ಕದ್ದಲ್ಲ. ಹೊರಾಸ್ ಜಡ್ಸನ್ನರು ತಮ್ಮ 1979ರ ಇತಿಹಾಸಗ್ರಂಥದಲ್ಲಿ ಈ ಭಾಗವನ್ನು ವಿವರವಾಗಿ ಬಿಡಿಸಿ ಹೇಳಿದ್ದಾರೆ. ವಾಟ್ಸನ್ನರು ಇದಕ್ಕೆ ಪ್ರಾಧಾನ್ಯ ಕೊಡುವುದಿಲ್ಲ. ಕಾರಣ ದುರುದ್ದೇಶವೇ ಆಗಿರಬೇಕಾಗಿಲ್ಲ; ಸಂಖ್ಯೆಗಳ ಪಟ್ಟಿಯನ್ನು ಓದಿ ಚಕಿತನಾದವನು ಕ್ರಿಕ್ಕನೇ ಹೊರತು ಕಥೆ ಹೇಳುವವನಲ್ಲ. ಉತ್ತಮಪುರುಷದ ನಿರೂಪಣೆಯಲ್ಲಿ, ನಿರೂಪಕನ ಎದೆ ಬಡಿದುಕೊಳ್ಳದ ಘಟನೆ ಘಟನೆಯೇ ಆಗುವುದಿಲ್ಲ.

ಗ್ರಂಥಸಂಪಾದನೆಯಲ್ಲಿ ಪಳಗಿದವರ ಗಮನಕ್ಕೆ ತರಬೇಕಾದ ಸಂಗತಿಯೊಂದು ಇಲ್ಲಿದೆ: ಈ ವಾಕ್ಯಗಳಲ್ಲಿ ಪಾಠಾಂತರವುಂಟು. 1968ರ ಮೊದಲ ಪಾಠದಲ್ಲಿ, ಫ್ರಾಂಕ್ಲಿನ್-ವಿಲ್ಕಿನ್ಸರು ಬರೆದ ಭಾಗಗಳನ್ನು ಕಂಡೊಡನೆಯೇ ಪೆರುಟ್ಜರು ವರದಿಯನ್ನು ತಂದುಕೊಟ್ಟರೆಂದು ಇದೆ. ಗೋಪ್ಯದ ಪ್ರಸ್ತಾಪವೇ ಇಲ್ಲ. ಮುಂದಿನ ಮುದ್ರಣಗಳ ಪಾಠದಲ್ಲಿ ಆ ವಾಕ್ಯವು ಹೋಗಿ, ವರದಿಯು ಗೋಪ್ಯವಾದುದಲ್ಲ, ಆದುದರಿಂದ ಕೊಡದಿರಲು ಪೆರುಟ್ಜರಿಗೆ ಕಾರಣ ಕಾಣಲಿಲ್ಲ ಎಂಬ ಅರ್ಥದ ವಾಕ್ಯ ಬಂದಿದೆ. ಎರಡು ಪಾಠಗಳಲ್ಲಿ ಕಾಣುವ ಪೆರುಟ್ಜರು ಎರಡು ಬೇರೆ ವ್ಯಕ್ತಿಗಳು. ಮೊದಲನೆಯವರು ಕೈಗೆ ಬಂದದ್ದರ ಬೆಲೆಯನ್ನು ಬಲ್ಲವರು. ಕಂಡೊಡನೆಯೇ ತಮ್ಮವರ ಬಳಿಗೆ ಧಾವಿಸುವವರು. ಎರಡನೆಯವರು ಏನನ್ನೂ ಎಣಿಸದ ಸರಳರು, ಅಡ್ಡಿಯಿಲ್ಲವೆಂದು ಕೊಟ್ಟವರು.

ಬದಲಾವಣೆ ಎಲ್ಲಿಂದ ಬಂದಿತೆಂಬುದನ್ನು ಊಹಿಸಬೇಕಾಗಿಲ್ಲ. ಗ್ರಂಥವು ಹೊರಬಿದ್ದೊಡನೆ ವಿಮರ್ಶಕರು ಈ ಜಾಗವನ್ನು ಹಿಡಿದು ಪೆರುಟ್ಜರ ನಡತೆಯನ್ನು ಸಂದೇಹಿಸಿದರು. ಆಗ 1969ರ ಜೂನ್ ತಿಂಗಳ ‘ಸೈನ್ಸ್’ ಪತ್ರಿಕೆಯಲ್ಲಿ ಪೆರುಟ್ಜರು, ವಿಲ್ಕಿನ್ಸರು, ವಾಟ್ಸನ್ನರು ಮೂವರೂ ಪತ್ರಗಳನ್ನು ಬರೆದರು. ಪೆರುಟ್ಜರು ವರದಿಯ ಸಂಬಂಧಪಟ್ಟ ಭಾಗಗಳನ್ನೇ ಅಚ್ಚುಹಾಕಿಸಿ ವಾಚಕರ ಮುಂದಿಟ್ಟರು. ಅವರ ಸಮಾಧಾನ ಹೀಗೆ: ಸಮಿತಿ ಏರ್ಪಟ್ಟಿದ್ದುದು ಒಂದೇ ಕ್ಷೇತ್ರದ ತಂಡಗಳಿಗೆ ಪರಸ್ಪರ ಸಂಪರ್ಕ ಉಂಟುಮಾಡಲು, ತನಿಖೆಗಲ್ಲ, ವರದಿಯ ಮೇಲೆ ಗೋಪ್ಯವೆಂಬ ಗುರುತಿರಲಿಲ್ಲ, ಅದರಲ್ಲಿದ್ದ ಬಹುಭಾಗವನ್ನು 1951ರ ನವೆಂಬರಿನಲ್ಲಿ ಫ್ರಾಂಕ್ಲಿನ್ನರು ತಮ್ಮ ಉಪನ್ಯಾಸದಲ್ಲಿಯೇ ಹೇಳಿದ್ದರು, ವಾಟ್ಸನ್ನರು ಸಭೆಯಲ್ಲಿದ್ದರೂ ಬರೆದುಕೊಂಡಿರಲಿಲ್ಲ. ಇವುಗಳ ಜೊತೆಗೆ ಇನ್ನೊಂದು ಮಾತು: ಮರ್ಯಾದೆಗಾಗಿ ರಾಂಡಲ್ಲರ ಅನುಮತಿಯನ್ನು ಕೇಳಬೇಕಾಗಿದ್ದಿತೆಂಬುದು ಆಮೇಲೆ ತಿಳಿಯಿತು, ಆ ಕಾಲದಲ್ಲಿ ಆಡಳಿತದ ವಿಷಯಗಳಲ್ಲಿ ತಮಗೆ ಅನುಭವ ಸಾಲದು, ಕೊಡದಿರಲು ಕಾರಣ ಕಾಣಲಿಲ್ಲ. ವಾಟ್ಸನ್ನರು ತಮ್ಮ ಪತ್ರದಲ್ಲಿ, ವರದಿ ಗೋಪ್ಯವಲ್ಲವೆಂಬುದನ್ನು ಗ್ರಂಥದಲ್ಲಿ ಹೇಳದೆ ಬಿಟ್ಟದ್ದಕ್ಕೆ ವಿಷಾದಿಸಿದರು.

ಹಾಗಾದರೆ ತಿದ್ದಿದ ಪಾಠವು ಪೆರುಟ್ಜರ ಸ್ವಂತ ಸಮಾಧಾನವೇ. ಅದು ಪತ್ರದಿಂದ ಎದ್ದು ನಿರೂಪಕನ ಬಾಯಿಗೆ ಬಂದಿದೆ. ಆದರೆ ಪೂರ್ತಿಯಾಗಿ ಬಂದಿಲ್ಲ. ಕೊಡದಿರಲು ಕಾರಣ ಕಾಣಲಿಲ್ಲವೆಂಬ ಉತ್ತರಾರ್ಧ ಬಂದಿತು. ಕೇಳಬೇಕಾಗಿದ್ದಿತೆಂಬ ಪೂರ್ವಾರ್ಧ ಬರಲಿಲ್ಲ. ಆಕ್ಷೇಪಣೆಗೆ ಗುರಿಯಾದವರು ತಾವಾಗಿ ಒಪ್ಪಿಕೊಂಡ ಕೊರತೆಯನ್ನು ಅವರ ಪರವಾಗಿ ವಾಕ್ಯ ತಿದ್ದಿದವರು ಬಿಟ್ಟುಬಿಟ್ಟರು. ಇದರಿಂದ ಪೆರುಟ್ಜರಿಗೆ ಉಪಕಾರವಾಯಿತೆಂದು ಮೇಲುನೋಟಕ್ಕೆ ತೋರಬಹುದು. ಪತ್ರವನ್ನೂ ಗ್ರಂಥವನ್ನೂ ಒಟ್ಟಿಗಿಟ್ಟು ಓದಿದವರಿಗೆ, ಪತ್ರದ ಪೆರುಟ್ಜರೇ ಗ್ರಂಥದ ಪೆರುಟ್ಜರಿಗಿಂತ ಹೆಚ್ಚು ಗೌರವಾರ್ಹರಾಗಿ ಕಾಣುತ್ತಾರೆ. ಗ್ರಂಥದ ಅತ್ಯಂತ ದೊಡ್ಡ ಲೋಪವನ್ನು ತೋರಿಸಲು ಈ ಅರ್ಧ ವಾಕ್ಯ ಸಾಕು. ಅನುಮತಿ ಕೇಳುವುದೆಂಬ ಒಂದು ಕ್ರಿಯೆಯಿದೆಯೆಂಬುದೇ ಆ ನಿರೂಪಣೆಯ ಪ್ರಪಂಚದಲ್ಲಿ ಇಲ್ಲ. ಕೊಡುವವರಿದ್ದಾರೆ, ಪಡೆಯುವವರಿದ್ದಾರೆ, ಬಚ್ಚಿಡುವವರಿದ್ದಾರೆ. ಕೇಳುವವರು ಯಾರೂ ಇಲ್ಲ. ಲೈನಸ್ ಪಾಲಿಂಗರ ಲೇಖನ ಅಚ್ಚಾಗುವ ಮೊದಲೇ ಅವರ ಮಗನ ಮೂಲಕ ಕೇಂಬ್ರಿಜ್ಜಿಗೆ ಬಂದು ಓದಲ್ಪಡುವ ಅಧ್ಯಾಯದಲ್ಲಿಯೂ ಧಾಟಿ ಇದೇ. ಅಲ್ಲಿಯಾದರೋ ಪ್ರತಿಯನ್ನು ಕಳುಹಿಸಿದ್ದು ತಂದೆಯೇ ಆದುದರಿಂದ ದೋಷವಿಲ್ಲ. ಧಾಟಿಗೆ ಮಾತ್ರ ಎರಡರ ಭೇದವೂ ತಿಳಿಯದು.

ಪರಿಶೀಲಕನ ಕೈಗೆ ಬಂದ ಅಪ್ರಕಟಿತ ಸಾಮಗ್ರಿಯನ್ನು ಯಾವ ಹೆಸರಿನಿಂದ ಕರೆಯಬೇಕು? ವರದಿಯ ಮೇಲೆ ಗೋಪ್ಯವೆಂಬ ಗುರುತು ಇದ್ದಿತೇ ಇಲ್ಲವೇ ಎಂಬ ವಾದವೆಲ್ಲ ಅದನ್ನು ಗುಟ್ಟು ಎಂಬ ಹೆಸರಿನಿಂದ ಕರೆದುದರ ಫಲ. ಗುಟ್ಟಲ್ಲವೆಂದಾದೊಡನೆ ಎಲ್ಲರ ಸ್ವತ್ತಾಗುತ್ತದೆಂಬ ಭ್ರಾಂತಿ ಅದರಿಂದ ಹುಟ್ಟುತ್ತದೆ. ಇದಕ್ಕಿಂತ ಸಮರ್ಪಕವಾದ ಶಬ್ದ ಧರ್ಮಶಾಸ್ತ್ರದ ವ್ಯವಹಾರಕಾಂಡದಲ್ಲಿದೆ: ನಿಕ್ಷೇಪ, ತಿಳಿಗನ್ನಡದಲ್ಲಿ ಇಡುಗಂಟು. ನಂಬಿ ಇಟ್ಟದ್ದನ್ನು ತನ್ನಿಚ್ಛೆಯಂತೆ ಉಪಯೋಗಿಸಿ ಬದುಕುವವನು ದಂಡಾರ್ಹ, ಲಾಭಸಹಿತವಾಗಿ ಹಿಂದಿರುಗಿಸತಕ್ಕವನು ಎಂಬುದು ಯಾಜ್ಞವಲ್ಕ್ಯಸ್ಮೃತಿಯ ವಿಧಿ. ಇಡುಗಂಟನ್ನು ಪಡೆದವನು ಅದನ್ನು ಮತ್ತೊಬ್ಬನ ಕೈಯಲ್ಲಿಟ್ಟರೆ ಅದಕ್ಕೆ ಅನ್ವಾಹಿತವೆಂಬ ಬೇರೆ ಹೆಸರನ್ನೇ ಕೊಟ್ಟು, ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವಿವರಿಸಿದ್ದಾನೆ. ಕೈ ಬದಲಾಯಿತೆಂದು ವಿಧಿ ಬದಲಾಗುವುದಿಲ್ಲ. ಇಲ್ಲಿ ಗೋಪ್ಯದ ಪ್ರಶ್ನೆ ಏಳುವುದೇ ಇಲ್ಲ. ಊರೆಲ್ಲ ಬಲ್ಲ ಒಡವೆಯೂ ಇಡುಗಂಟಾಗಬಹುದು. ಹೋಲಿಕೆ ಒಂದೆಡೆ ಕುಂಟುತ್ತದೆಂಬುದೂ ನಿಜ: ಒಡವೆ ಹೋದರೆ ಒಡೆಯನ ಕೈ ಬರಿದಾಗುತ್ತದೆ, ಅಂಕಿಗಳನ್ನು ಇನ್ನೊಬ್ಬರು ಓದಿದರೆ ಫ್ರಾಂಕ್ಲಿನ್ನರ ಟಿಪ್ಪಣಿಪುಸ್ತಕ ಬರಿದಾಗಲಿಲ್ಲ. ಹೋದದ್ದು ಮೊದಲಿಗರೆಂಬ ಸ್ಥಾನ, ಮತ್ತು ತಮ್ಮ ಅಂಕಿಗಳ ಅರ್ಥವನ್ನು ತಾವೇ ಬಿಡಿಸಲು ಬೇಕಾಗಿದ್ದ ಕೆಲವು ವಾರಗಳು. ಅವರು ಎಷ್ಟು ಹತ್ತಿರ ಬಂದಿದ್ದರೆಂಬುದಕ್ಕೆ 1953ರ ಮಾರ್ಚ್ 17ರ ದಿನಾಂಕವುಳ್ಳ ಅವರ ಕರಡು ಲೇಖನವು ಸಾಕ್ಷಿ. ಅದನ್ನು ಅವರ ಮುಂದಿನ ಸಹೋದ್ಯೋಗಿ ಆರನ್ ಕ್ಲೂಗರು ಬೆಳಕಿಗೆ ತಂದರು.

ಇನ್ನು ಪ್ರತಿಪಕ್ಷ. ವಾಟ್ಸನ್ನರನ್ನು ಕಳ್ಳರೆಂದು ಕರೆಯುವುದು ಈಚಿನ ವರ್ಷಗಳಲ್ಲಿ ಸುಲಭದ ಮಾತಾಗಿದೆ. 1975ರಲ್ಲಿ ಆನ್ ಸೇಯರ್ ಅವರು ತಮ್ಮ ಗೆಳತಿ ಫ್ರಾಂಕ್ಲಿನ್ನರ ಚರಿತ್ರೆಯನ್ನು ಬರೆದು ‘ರೋಸಿ’ ಎಂಬ ವ್ಯಂಗ್ಯಚಿತ್ರವನ್ನು ಅಳಿಸಿದ್ದು ಅಗತ್ಯವಾದ ಕಾರ್ಯ. ಅನಂತರ ಬಂದವರಲ್ಲಿ ಅನೇಕರು ವ್ಯಂಗ್ಯಚಿತ್ರದ ಎಡೆಯಲ್ಲಿ ಬಲಿಪಶುವಿನ ಚಿತ್ರವನ್ನು ನಿಲ್ಲಿಸಿದರು. 2023ರಲ್ಲಿ ಮ್ಯಾಥ್ಯೂ ಕಾಬ್ ಮತ್ತು ನಥಾನಿಯಲ್ ಕಂಫರ್ಟ್ ಎಂಬ ಇತಿಹಾಸಕಾರರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಎರಡನ್ನೂ ತಿದ್ದುತ್ತದೆ. 1953ರ ಜನವರಿಯಲ್ಲಿ ಕಿಂಗ್ಸ್ ಕಾಲೇಜಿನ ಸಂಶೋಧಕಿಯೊಬ್ಬರು ಕ್ರಿಕ್ಕರನ್ನು ಫ್ರಾಂಕ್ಲಿನ್-ಗಾಸ್ಲಿಂಗರ ಉಪನ್ಯಾಸಕ್ಕೆ ಕರೆದು ಬರೆದ ಓಲೆಯೊಂದು ಅವರಿಗೆ ದೊರೆಯಿತು. ಉಪನ್ಯಾಸದಲ್ಲಿ ಹೇಳಬಹುದಾದುದಕ್ಕಿಂತ ಹೆಚ್ಚನ್ನು ಪೆರುಟ್ಜರು ಆಗಲೇ ಬಲ್ಲರೆಂದು ಉಪನ್ಯಾಸಕರೇ ಭಾವಿಸಿದ್ದಾರೆಂಬ ಮಾತು ಅದರಲ್ಲಿದೆ. ಹಾಗಿದ್ದಲ್ಲಿ, ತನ್ನ ಅಂಕಿಗಳು ಕೇಂಬ್ರಿಜ್ಜಿನಲ್ಲಿ ಪೆರುಟ್ಜರ ಕೈಸೇರಿರುವುದು ಫ್ರಾಂಕ್ಲಿನ್ನರಿಗೆ ಹೊಸತಾಗಿರಲಾರದು. ಅದರಿಂದ ಅವರು ಕಳವಳಗೊಂಡ ಸೂಚನೆಯೂ ಆ ಓಲೆಯಲ್ಲಿಲ್ಲ. ಕಿಂಗ್ಸ್ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲವೆಂಬ ವಾಟ್ಸನ್ನರ ವಾಕ್ಯದ ಮೇಲೆ ಇದು ವಿಚಿತ್ರವಾದ ಬೆಳಕು ಬೀರುತ್ತದೆ: ಗ್ರಂಥಕರ್ತರು ತಮ್ಮ ಮೇಲೆ ತಾವೇ ಸತ್ಯಕ್ಕಿಂತ ಹೆಚ್ಚಿನ ತಪ್ಪನ್ನು ಹೊರಿಸಿಕೊಂಡಿರುವ ಸಂಭವವಿದೆ. ಕದ್ದ ಹಣ್ಣಿನ ರುಚಿ ಕಥೆಗೆ ಬೇಕಾಗಿದ್ದಿತು. ಆದರೆ ಪೆರುಟ್ಜರು ಬಲ್ಲರೆಂದು ತಿಳಿದಿರುವುದು ಬೇರೆ, ಪೆರುಟ್ಜರ ತಂಡದವರು ಅದರ ಮೇಲೆ ಪ್ರತಿಕೃತಿ ಕಟ್ಟುತ್ತಿದ್ದಾರೆಂದು ತಿಳಿದಿರುವುದು ಬೇರೆ. ಓಲೆಯು ಮೊದಲನೆಯದನ್ನು ತೋರಿಸುತ್ತದೆ, ಎರಡನೆಯದನ್ನು ತೋರಿಸುವುದಿಲ್ಲ.

ಗ್ರಂಥಕ್ಕೆ ಮುನ್ನುಡಿ ಬರೆದ ಲಾರೆನ್ಸ್ ಬ್ರಾಗ್ ಅವರಿಗೆ ಈ ವಿಷಯದ ತೊಡಕು ಚೆನ್ನಾಗಿ ತಿಳಿದಿದ್ದಿತು. ಸಹೋದ್ಯೋಗಿಯೊಬ್ಬನು ವರ್ಷಗಟ್ಟಲೆ ಸಾಕ್ಷ್ಯ ಕೂಡಿಸಿ, ಫಲ ಹತ್ತಿರವಿದೆಯೆಂದು ಪ್ರಕಟಿಸದೆ ಕಾದಿರುವಾಗ, ಆ ಸಾಕ್ಷ್ಯವನ್ನು ಕಂಡ ಇನ್ನೊಬ್ಬನಿಗೆ ಹೊಸ ದೃಷ್ಟಿಯೊಂದು ಹೊಳೆದು ನೇರವಾಗಿ ಉತ್ತರ ದೊರೆಯುವಂತೆ ತೋರಿದರೆ ಅವನೇನು ಮಾಡಬೇಕೆಂಬ ಪ್ರಶ್ನೆಯನ್ನು ಅವರು ಅಲ್ಲಿ ಎತ್ತಿದ್ದಾರೆ. ಇಡೀ ಗ್ರಂಥದಲ್ಲಿ ಈ ಪ್ರಶ್ನೆಯನ್ನು ಪ್ರಶ್ನೆಯಾಗಿ ಕೇಳಿದ ಸ್ಥಳ ಇದೊಂದೇ. ಅದೂ ಕಥೆಯ ಹೊರಗೆ, ಬೇರೊಬ್ಬರ ಕೈಯಿಂದ. ವಾಟ್ಸನ್ನರ ಉಪಸಂಹಾರದಲ್ಲಿ 1958ರಲ್ಲಿ ಮೂವತ್ತೇಳು ವರ್ಷಕ್ಕೆ ತೀರಿಕೊಂಡ ಫ್ರಾಂಕ್ಲಿನ್ನರ ಕುರಿತು ಮೆಚ್ಚುಗೆಯಿದೆ, ತಮ್ಮ ಮೊದಲಿನ ಅಭಿಪ್ರಾಯಗಳು ತಪ್ಪಾಗಿದ್ದುವೆಂಬ ಒಪ್ಪಿಗೆಯಿದೆ. ಅದು ವ್ಯಕ್ತಿಯ ಕುರಿತಾದ ಒಪ್ಪಿಗೆ. ವರದಿಯ ಮಾತು ಅದರಲ್ಲಿಲ್ಲ.

ಈ ಭೇದಗಳು ಹಳೆಯ ಕಥೆಗೆ ಮಾತ್ರ ಸೇರಿದುವಲ್ಲ. ಲೇಖನದೊಡನೆ ಅದರ ಮೂಲ ಅಂಕಿಗಳನ್ನೂ ಪರಿಶೀಲಕರಿಗೆ ಒಪ್ಪಿಸಬೇಕೆಂದು ಇಂದಿನ ವಿಜ್ಞಾನ ಪತ್ರಿಕೆಗಳಲ್ಲಿ ಅನೇಕವು ವಿಧಿಸುತ್ತವೆ. ತಪ್ಪನ್ನೂ ವಂಚನೆಯನ್ನೂ ಹಿಡಿಯಲು ಅದು ಅವಶ್ಯವೇ. ಒಪ್ಪಿಸಲು ಹಿಂಜರಿಯುವವರು ಮುಂದಿಡುವ ನಿದರ್ಶನಗಳಲ್ಲಿ ಡಿ.ಎನ್.ಎ. ಕಥೆ ಒಂದು, ಮತ್ತು ಅವರು ಹೇಳುವುದು ಐವತ್ತೊಂದನೆಯ ಚಿತ್ರದ ಕಥೆ. ಚಿತ್ರವಾದರೋ ಯಾವ ಪರಿಶೀಲಕನಿಗೂ ಒಪ್ಪಿಸಲ್ಪಟ್ಟುದಲ್ಲ. ಒಂದೇ ಪ್ರಯೋಗಶಾಲೆಯವರು ಸ್ನೇಹಿತನಿಗೆ ತೋರಿಸಿದ್ದು. ಪರಿಶೀಲನೆಯ ಹಾದಿಯಲ್ಲಿ ಹೊರಟು ಹಾದಿ ತಪ್ಪಿದ್ದು ವರದಿ. ವೇದಿಕೆಯ ದೀಪವೆಲ್ಲ ಚಿತ್ರದ ಮೇಲೆ ಬಿದ್ದುದರಿಂದ, ವಿಚಾರಮಾಡಬೇಕಾದ ನಿದರ್ಶನವು ವಿಚಾರಕ್ಕೆ ಬಾರದೆ ಉಳಿದಿದೆ. ಓಲೆಗರಿಗಳ ಪಾಠವನ್ನು ವರ್ಷಗಟ್ಟಲೆ ಕೂಡಿಸಿ ಪರೀಕ್ಷಕರಿಗೆ ಒಪ್ಪಿಸುವ ಸಾಹಿತ್ಯಸಂಶೋಧಕರಿಗೂ ಈ ಮಾತು ಹೊರಗಿನದಲ್ಲ.

ವಾಟ್ಸನ್-ಕ್ರಿಕ್ಕರ ಲೇಖನವು 1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ, ಕಿಂಗ್ಸ್ ಕಾಲೇಜಿನವರ ಎರಡು ಲೇಖನಗಳ ಸಂಗಡ ಅಚ್ಚಾಯಿತು. ಅಪ್ರಕಟಿತ ಫಲಿತಾಂಶಗಳ ಸಾಮಾನ್ಯ ಸ್ವರೂಪ ತಿಳಿದುದರಿಂದ ಪ್ರೇರಣೆ ದೊರೆಯಿತೆಂಬಷ್ಟು ಮಾತು ಅದರ ಕೊನೆಯಲ್ಲಿದೆ. ‘ಸಾಮಾನ್ಯ ಸ್ವರೂಪ’ವೆಂಬ ಶಬ್ದಗಳ ಹಿಂದೆ ವರದಿಯ ಸಂಖ್ಯೆಗಳು ಅಡಗಿಕೊಂಡಿವೆ. ಮರುವರ್ಷ, 1954ರಲ್ಲಿ, ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರಿಬ್ಬರೇ ಬರೆದ ವಿಸ್ತಾರವಾದ ಪ್ರಬಂಧದಲ್ಲಿ, ಕಿಂಗ್ಸ್ ಕಾಲೇಜಿನವರ ಅಂಕಿಗಳಿಲ್ಲದೆ ಈ ರಚನೆಯನ್ನು ರೂಪಿಸುವುದು ಅಸಾಧ್ಯವಲ್ಲದಿದ್ದರೂ ಅತ್ಯಂತ ಅಸಂಭವವಾಗಿತ್ತೆಂದು ಸ್ಪಷ್ಟವಾಗಿ ಬರೆದಿದ್ದಾರೆ. ಆ ಪ್ರಬಂಧವನ್ನು ಓದಿದವರು ಸ್ಫಟಿಕಶಾಸ್ತ್ರಜ್ಞರು; 1968ರ ಕಥೆಯನ್ನು ಓದಿದವರು ಲಕ್ಷಾಂತರ ಮಂದಿ.